ಸ್ಪೀಕರ್ ಕೂರುವ ಮನೆ

‘ಹಾಡು ಕೇಳಿಸುತ್ತದೆ, ಆದರೆ ತುಂಬಿಕೊಳ್ಳುವುದಿಲ್ಲ’ ಎಂದರು, ಕಾರಿಗೆ ಹೊಸ ಸ್ಪೀಕರ್ ಹಾಕಿಸಿಕೊಂಡು ನನ್ನ ಬಳಿ ಬಂದವರೊಬ್ಬರು. ಸ್ಪೀಕರ್‌ಗಳು ಒಳ್ಳೆಯವೇ. ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ತಗಡಿನಲ್ಲಿ ಅಂಗೈ ಅಗಲದ ಕಿಂಡಿಗಳು. ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದೂ ಅರ್ಧ ಕಿತ್ತುಬಂದಿತ್ತು. ಹೊರತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬದಂತೆ ಟಣ್ ಎಂದಿತು.

ಮನೆಯಲ್ಲಿಡುವ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಬಾಗಿಲೇ ಮಾಡಬೇಕು. ಸ್ಪೀಕರಿನ ಕೋನ್, ಅಂದರೆ ಹಿಂದೆ ಮುಂದೆ ಅದುರುವ ಅದರ ಮುಖ, ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಅದರ ಬೆನ್ನಿನ ಕಡೆ ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಿಂಡಿ ತೆರೆದಿದ್ದರೆ ಹಿಂದಿನ ಅಲೆ ಸುತ್ತಿಬಂದು ಮುಂದಿನದನ್ನು ಅಳಿಸುತ್ತದೆ. ಮೊದಲು ಕಳೆದುಹೋಗುವುದು ಡೋಲಿನ ಗುಮುಕಿನಂತಹ ತಗ್ಗು ನಾದ. ಆದ್ದರಿಂದ ನಾನು ಮೊದಲು ಆ ಕಿಂಡಿಗಳನ್ನು ಗಟ್ಟಿಯಾಗಿ ಮುಚ್ಚುತ್ತೇನೆ. ಆದರೆ ಬಾಗಿಲಿನ ತಳದ ಸಣ್ಣ ರಂಧ್ರಗಳನ್ನು ಮುಟ್ಟುವುದಿಲ್ಲ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಹೊರಹೋಗುವ ದಾರಿ ಅವು. ಅವನ್ನೂ ಅಂಟಿಸಿಬಿಟ್ಟ ಬಾಗಿಲುಗಳು ಒಳಗಿನಿಂದ ತುಕ್ಕು ಹಿಡಿದದ್ದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ.

ನಂತರ ತಗಡಿನ ನಡುಕ. ಇದಕ್ಕೆ ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ರಬ್ಬರ್ ಹಾಳೆ ಬೇಕು. ತಗಡು ಅದುರಿದಾಗ ಈ ರಬ್ಬರ್ ಹಿಗ್ಗಿ ಕುಗ್ಗಿ, ಆ ಶಕ್ತಿಯನ್ನು ಅಲ್ಪ ಬಿಸಿಯಾಗಿ ಬದಲಿಸುತ್ತದೆ. ಇಂಚಿಂಚೂ ಅಂಟಿಸಬೇಕಿಲ್ಲ, ಹೆಚ್ಚು ಅದುರುವ ನಡುಭಾಗದಲ್ಲಿ, ತಗಡಿನ ಕಾಲುಭಾಗದಿಂದ ಅರ್ಧದಷ್ಟು ಸಾಕು. ಜಿಡ್ಡು ಒರೆಸಿ, ರೋಲರಿನಿಂದ ಒತ್ತಿ ಕೂರಿಸುವುದೇ ಮುಖ್ಯ. ಮನೆಯ ಮಾಳಿಗೆಗೆ ಹಾಕುವ ಡಾಂಬರು ಹಾಳೆಯನ್ನು ನಾನು ಕಾರಿನೊಳಗೆ ಬಿಡುವುದಿಲ್ಲ. ಬಿಸಿಲಿಗೆ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯನ್ನೂ ಹೊಮ್ಮಿಸುತ್ತದೆ.

ಹೊರಗಿನ ಸದ್ದಿನ ಲೆಕ್ಕವೇ ಬೇರೆ. ಹಾಳೆ ಕೊಳ್ಳುವ ಮೊದಲು ಸದ್ದಿನ ಮೂಲ ಹುಡುಕಿ. ಅಡ್ಡಾದಿಡ್ಡಿ ಸವೆದ ಟೈರ್ ಗೊರಗುಟ್ಟುತ್ತದೆ. ತಿರುವಿನಲ್ಲಿ ಏರಿ ಇಳಿಯುವ ಗುಂಯ್‌ಗುಡುವಿಕೆ ಚಕ್ರದ ಸವೆದ ಬೇರಿಂಗಿನದಾಗಿರಬಹುದು. ಅದನ್ನು ಫೋಮ್ ಹಾಕಿ ಮುಚ್ಚಿಡುವುದು ಅಪಾಯ. ವೇಗದಲ್ಲಿ ಮಾತ್ರ ಗಾಳಿ ಸುಯ್ಯೆನ್ನುತ್ತಿದ್ದರೆ ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ. ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಗಿಯಿಲ್ಲ. ಇವೆಲ್ಲ ಸರಿಯಿದ್ದೂ ರಸ್ತೆಯ ಮೊರೆತ ಉಳಿದರೆ ನೆಲಕ್ಕೆ ಮತ್ತು ಚಕ್ರದ ಕಮಾನುಗಳಿಗೆ ಬ್ಯುಟೈಲ್, ಅದರ ಮೇಲೆ ನೀರು ಹೀರದ ಫೋಮ್, ಎಲ್ಲಕ್ಕೂ ಮೇಲೆ ಭಾರವಾದ ವಿನೈಲ್ ಪದರ. ತಗ್ಗು ಸದ್ದನ್ನು ತಡೆಯಲು ತೂಕವೇ ಬೇಕು.

ಇಷ್ಟು ಮಾಡಿದರೂ ಕಡಿಮೆಯಾಗುವುದು ಕೆಲವೇ ಡೆಸಿಬೆಲ್ (ಸದ್ದಿನ ಅಳತೆ) ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಸ್ಪೀಕರಿಗೆ ಬಲ ತುಂಬುವ ಆಂಪ್ಲಿಫೈಯರಿನ ಶಕ್ತಿಯನ್ನು 50 ವಾಟ್‌ನಿಂದ 100ಕ್ಕೆ ಏರಿಸಿದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಗದ್ದಲವನ್ನು ಅಷ್ಟು ತಗ್ಗಿಸಿದರೆ ಹಾಡು ಗದ್ದಲಕ್ಕಿಂತ ಅಷ್ಟೇ ಮೇಲೇಳುತ್ತದೆ, ಕಿವಿಗೂ ಹೊರೆಯಿಲ್ಲ. ಹಣವನ್ನು ಮೊದಲು ಬಾಗಿಲಿಗೆ ಹಾಕಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆಂಪ್ಲಿಫೈಯರ್ ಬೇಕೇ ಬೇಕೆಂದರೆ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ಬಿಟ್ಟು ಆರ್‌ಎಂಎಸ್ ವಾಟ್, ಅಂದರೆ ಅದು ಸತತವಾಗಿ ಕೊಡಬಲ್ಲ ಶಕ್ತಿ ಎಷ್ಟೆಂದು ನೋಡಿ. ಬ್ಯಾಟರಿಯಿಂದ ಬರುವ ತಂತಿಗೆ, ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. ಈ ವಿಷಯದಲ್ಲಿ ನನ್ನಲ್ಲಿ ರಿಯಾಯಿತಿಯಿಲ್ಲ. ಬಾಗಿಲಿನ ಸ್ಪೀಕರುಗಳಿಗೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ನಾದವನ್ನು ಕಳಿಸದೆ, ಅದಕ್ಕೆಂದೇ ಇರುವ ಸಬ್‌ವೂಫರ್ ಸ್ಪೀಕರಿಗೆ ಬಿಟ್ಟರೆ ಅವು ಒಡಕಲು ಧ್ವನಿ ಮಾಡುವುದಿಲ್ಲ.

ಒಳಹೊದಿಕೆಯನ್ನು ಮತ್ತೆ ಕೂರಿಸುವ ಮೊದಲು ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಸ್ಪೀಕರಿಗೆ ತಾಗುತ್ತದೆಯೇ ನೋಡಿ. ಎಲ್ಲ ಸ್ಪೀಕರುಗಳ ಧನ (+) ತಂತಿ ಧನಕ್ಕೇ ಸೇರಿದೆಯೇ ಎಂದೂ ನೋಡಿ. ಒಂದು ತಿರುಗುಮುರುಗಾದರೂ ತಗ್ಗು ನಾದ ಮತ್ತೆ ಸೊರಗುತ್ತದೆ. ಆಮೇಲೆ ಗಾಜಿನ ಹೊರಮೈ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಬಾಗಿಲಿನ ತಳದಿಂದ ಅದು ತೊಟ್ಟಿಕ್ಕುವವರೆಗೂ ಕಾಯಿರಿ.