ಸರ್ಕಲ್‌ನಲ್ಲಿ ಕಾಯಬೇಕಾದವರು ಯಾರು?

ಸರ್ಕಲ್ ಇದ್ದ ಮೇಲೆ ಸಿಗ್ನಲ್ ಯಾಕೆ? ಸಿಗ್ನಲ್ ಹಾಕಿದ ಮೇಲೆ ಸರ್ಕಲ್ ಯಾಕೆ ಉಳಿಸಿಕೊಂಡರು? ಕೆಂಪು ದೀಪದ ಮುಂದೆ ನಿಂತ ಚಾಲಕರ ಈ ಗೊಣಗಾಟದಲ್ಲಿ ನ್ಯಾಯವಿದೆ. ಎರಡೂ ಒಂದೇ ಜಾಗಕ್ಕೆ ಬಂದು ಸೇರಿದ್ದಕ್ಕೆ ಕಾರಣವೂ ಇದೆ.

ನ್ಯೂಯಾರ್ಕ್‌ನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲಿ, ಪ್ಯಾರಿಸ್‌ನ ಎಟ್ವಾಲ್ ವೃತ್ತದಲ್ಲಿ 1907ರಲ್ಲಿ ವಾಹನಗಳು ಒಂದೇ ದಿಕ್ಕಿಗೆ ಸುತ್ತತೊಡಗಿದವು. ದಿಕ್ಕೇನೋ ಗೊತ್ತಾಯಿತು, ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಇತ್ಯರ್ಥವಾಗಲಿಲ್ಲ. ಫ್ರಾನ್ಸ್‌ನಲ್ಲಿ ಆಗ ಬಲಗಡೆಯಿಂದ ಬಂದವರಿಗೆ ಆದ್ಯತೆ ಇತ್ತು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ, ಹೊರಗಿನಿಂದ ನುಗ್ಗುವವರದ್ದೇ ಮೊದಲ ಹಕ್ಕು. ಬ್ರಿಟನ್ನಿನಲ್ಲಿ ಬಹುಕಾಲ ಸ್ಪಷ್ಟ ನಿಯಮವೇ ಇರಲಿಲ್ಲ.

ದಟ್ಟಣೆ ಏರಿದಾಗ ಇದರ ಫಲ ಕಾಣಿಸಿತು. ಒಳಗಿರುವ ಕಾರು ಹೊರಬೀಳಬೇಕು, ಆದರೆ ನುಗ್ಗಿ ಬಂದ ಕಾರುಗಳು ಅದಕ್ಕೆ ಅಡ್ಡ. ಅದು ನಿಂತರೆ ಹಿಂದಿನವೂ ನಿಂತು, ಹಿಂದಿನ ರಸ್ತೆಯ ಬಾಯಿ ಮುಚ್ಚುತ್ತದೆ. ನಾಲ್ಕೂ ಕಡೆ ಹೀಗಾದರೆ ಯಾರೂ ಅಲ್ಲಾಡುವಂತಿಲ್ಲ. ಎಂಜಿನಿಯರುಗಳು ಇದಕ್ಕೆ ಸರ್ಕಲ್ಲನ್ನೇ ಹಿಗ್ಗಿಸಿದರು. ಅದರಿಂದ ಒಳಗಿನ ವೇಗ ಹೆಚ್ಚಿತು, ಜಾಗವೂ ಹಾಳಾಯಿತು.

ಬಗೆಹರಿದದ್ದು 1966ರಲ್ಲಿ, ಬರೀ ಒಂದು ನಿಯಮದಿಂದ: ಸುತ್ತುತ್ತಿರುವವರಿಗೆ ದಾರಿ ಬಿಟ್ಟು ಒಳಗೆ ಬನ್ನಿ. ಬ್ರಿಟನ್ ಇದನ್ನು ಜಾರಿಗೆ ತಂದ ಮೇಲೆ ಸರ್ಕಲ್ ದೊಡ್ಡದಿರಬೇಕಾದ ಅಗತ್ಯವೇ ಹೋಯಿತು. ಅಲ್ಲಿನ ಸಂಚಾರ ಎಂಜಿನಿಯರ್ ಫ್ರಾಂಕ್ ಬ್ಲಾಕ್‌ಮೋರ್ ಪುಟ್ಟ ಸರ್ಕಲ್‌ಗಳನ್ನು ಪ್ರಯೋಗಿಸಿದರು. 1972ರಲ್ಲಿ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಐದು ಪುಟ್ಟ ಸರ್ಕಲ್‌ಗಳನ್ನು ಒಂದರ ಸುತ್ತ ಜೋಡಿಸಿದ ವಿಚಿತ್ರ ರಚನೆಯೂ ಬಂತು. ಆದರೆ ಎಟ್ವಾಲ್‌ನಲ್ಲಿ ಇಂದಿಗೂ ಹಳೆಯ ನಿಯಮವೇ.

ಈ ನಿಯಮ ಕೆಲಸ ಮಾಡಬೇಕಾದರೆ ರಸ್ತೆಯ ಆಕಾರ ಅದಕ್ಕೆ ಒಪ್ಪಬೇಕು. ಪ್ರವೇಶದ ದಾರಿ ಸಾಕಷ್ಟು ಬಾಗಿರಬೇಕು, ಗಂಟೆಗೆ 30–40 ಕಿ.ಮೀ.ಗಿಂತ ಜೋರಾಗಿ ಬರಲು ಆಗಬಾರದು. ನೇರ ರಸ್ತೆಯ ನಡುವೆ ಕಲ್ಲಿನ ಕಟ್ಟೆ ಕಟ್ಟಿ ಸರ್ಕಲ್ ಎಂದರೆ ಯಾರೂ ನಿಧಾನಿಸುವುದಿಲ್ಲ, ಕಾಯುವವನಿಗೆ ವಾಹನಗಳ ನಡುವೆ ಸಂದು ಸಿಗುವುದಿಲ್ಲ. ಒಳನುಗ್ಗಲು ಸುಮಾರು 4–5 ಸೆಕೆಂಡಿನ ಸಂದು ಬೇಕು. ಹೊರಹೋಗುವವನು ಇಂಡಿಕೇಟರ್ ಹಾಕದಿದ್ದರೆ ಸಿಕ್ಕ ಸಂದೂ ವ್ಯರ್ಥ.

ಆಕಾರ ಸರಿಯಿದ್ದರೂ ಒಂದು ರಸ್ತೆಯಿಂದ ಎಡೆಬಿಡದೆ ವಾಹನ ಬರುತ್ತಿದ್ದರೆ ಅದರ ಮುಂದಿನ ರಸ್ತೆಯವರು ನಿಂತಲ್ಲೇ ನಿಲ್ಲುತ್ತಾರೆ. ಸರ್ಕಲ್ಲಿಗೆ ಸಿಗ್ನಲ್ ಬರುವುದು ಹೆಚ್ಚಾಗಿ ಇದಕ್ಕೇ. ಎಡವಟ್ಟಾಗುವುದೂ ಇಲ್ಲೇ. ಸರ್ಕಲ್ ಒಳಗೆ ಕೆಂಪು ದೀಪ ಹಾಕಿದರೆ ಅದರ ಹಿಂದೆ ಕಾರುಗಳು ನಿಲ್ಲಲು ಜಾಗ ಬೇಕು. ಒಂದು ಕಾರಿಗೆ ಸುಮಾರು 6 ಮೀಟರ್ ಹಿಡಿದರೆ, 30 ಮೀಟರಿಗೆ ಲೇನಿಗೆ ಐದೇ ಕಾರು. ಹಸಿರಿನಲ್ಲಿ ಎಂಟು ಕಾರು ಒಳಬಿಟ್ಟರೆ ಉಳಿದ ಮೂರು ಹಿಂದಿನ ರಸ್ತೆಯ ಬಾಯಿಗೆ ಅಡ್ಡ. 1966ಕ್ಕೆ ಮುಂಚಿನ ಬೀಗವೇ ಮತ್ತೆ ಬಿತ್ತು.

ಇನ್ನು ಕೆಂಪು ಇಷ್ಟು ಹೊತ್ತು ಯಾಕೆಂಬ ದೂರು. ಹಸಿರು ಬದಲಾದಾಗಲೆಲ್ಲ ಹೊರಡಲು, ಜಾಗ ಖಾಲಿಯಾಗಲು ಸುಮಾರು 4 ಸೆಕೆಂಡು ಹೋಗುತ್ತದೆ ಎನ್ನಿ. ನಾಲ್ಕು ಸರದಿಗೆ 16. ನಾಲ್ಕೂ ಸರದಿ ಸೇರಿದ ಸಿಗ್ನಲ್ಲಿನ ಒಂದು ಸುತ್ತು 60 ಸೆಕೆಂಡಿನದಾದರೆ ಕಾಲು ಭಾಗಕ್ಕಿಂತ ಹೆಚ್ಚು ನಷ್ಟ. 120 ಮಾಡಿದರೆ ಶೇ. 13. ಹಾಗಾಗಿ ದಟ್ಟಣೆಯಲ್ಲಿ ಸುತ್ತು ಉದ್ದವಾಗುವುದು ಸರಿಯೇ. ಅದೇ ಉದ್ದದ ಸುತ್ತನ್ನು ನಡುರಾತ್ರಿಯೂ ಓಡಿಸುವುದು ಶುದ್ಧ ಸೋಮಾರಿತನ. ಬ್ರಿಟನ್ನಿನ ಕೆಲವು ಸರ್ಕಲ್‌ಗಳಲ್ಲಿ ಸಿಗ್ನಲ್ ಉರಿಯುವುದು ದಟ್ಟಣೆಯ ವೇಳೆಯಲ್ಲಿ ಮಾತ್ರ. ದೀಪ ಆರಿದ ಮೇಲೆ ಒಳಗಿರುವವರಿಗೆ ದಾರಿ ಬಿಡುವ ನಿಯಮವೇ ಸಾಕಾಗುತ್ತದೆ.