ಅಲಾಯ್ ಗಾಲಿಗೆ ಆ್ಯಸಿಡ್ ಹೊಡೆಸಬಹುದೇ?

ಪ್ರಶ್ನೆ: ಕೆಲಸದ ಸಲುವಾಗಿ ಜಮಖಂಡಿಯಿಂದ ವಿಜಯಪುರಕ್ಕೆ ಹೆಚ್ಚುಕಡಿಮೆ ದಿನಾಲೂ ಕಾರಿನಲ್ಲಿ ಓಡಾಡುತ್ತೇನೆ. ಮುಂದಿನ ಎರಡೂ ಅಲಾಯ್ ವೀಲ್ ವಾರದೊಳಗೆ ಕಪ್ಪಾಗುತ್ತವೆ, ಹಿಂದಿನವು ಅಷ್ಟು ಆಗುವುದಿಲ್ಲ. ಎಷ್ಟು ತಿಕ್ಕಿದರೂ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಗಳು ಹೋಗುತ್ತಿಲ್ಲ. ವಾಷಿಂಗ್ ಸೆಂಟರಿನವರು "ಆ್ಯಸಿಡ್ ಹೊಡದ್ರ ಹೊಸಾವ್ ಆಗ್ತಾವ್ರಿ ಸರ" ಅನ್ನುತ್ತಾರೆ. ಮನೆಯಲ್ಲಿ ಅರಿವಿ ಒಗೆಯುವ ಪುಡಿಯೇ ಸಾಕು ಅನ್ನುತ್ತಾರೆ. ಅಂಗಡಿಗೆ ಹೋದರೆ ಹತ್ತು ತರಹದ ಬಾಟಲಿ ಇಟ್ಟಿದ್ದಾರೆ. ಯಾವುದನ್ನು ತಗೊಳ್ಳಲಿ?

ಉತ್ತರ: ಆ್ಯಸಿಡ್ ಹೊಡೆಸಬೇಡಿ. ಒಗೆಯುವ ಪುಡಿಯೂ ಬೇಡ. ನಿಮಗೆ ಬೇಕಾದದ್ದು ಒಂದು ಸಾದಾ ಕಾರ್ ಶಾಂಪೂ, ಒಂದು ಮೆತ್ತನೆಯ ಬ್ರಷ್, ಮತ್ತು ಮೂರ್ನಾಲ್ಕು ತಿಂಗಳಿಗೊಮ್ಮೆ ಬಳಸಲು ಒಂದು ಐರನ್ ರಿಮೂವರ್, ಅಂದರೆ ಕಬ್ಬಿಣದ ಕಣ ತೆಗೆಯುವ ಸ್ಪ್ರೇ. ಹತ್ತು ಬಾಟಲಿಯಲ್ಲಿ ಎಂಟನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು. ಆದರೆ ಯಾವ ಎಂಟು ಅನ್ನುವುದು ತಿಳಿಯಬೇಕಾದರೆ, ಗಾಲಿಯ ಮೇಲೆ ಕೂತ ಹೊಲಸು ಯಾವುದು, ಅದರ ಕೆಳಗಿರುವ ಮೈ ಯಾವುದು ಎಂಬ ಎರಡನ್ನು ಮೊದಲು ನೋಡಿಕೊಳ್ಳಬೇಕು.

ರಸ್ತೆಯ ಧೂಳೇ ಕಾರಣವಾಗಿದ್ದರೆ ಹಿಂದಿನ ಗಾಲಿಗಳೂ ಅಷ್ಟೇ ಕಪ್ಪಾಗಬೇಕಿತ್ತು. ಮುಂದಿನವು ಮಾತ್ರ ಕಪ್ಪಾಗುತ್ತಿವೆ ಎಂದರೆ ಅದು ಬ್ರೇಕಿನ ಪುಡಿ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕುಗಳ ಮೇಲೆ ಬೀಳುತ್ತದೆ. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡ್ರಮ್ಮಿನ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ, ಡಿಸ್ಕಿನದು ನೇರವಾಗಿ ಗಾಲಿಯ ಮೇಲೆ ಹಾರುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನಿಂದ ಉದುರಿದ ರಾಳ, ಗ್ರಾಫೈಟು, ಲೋಹದ ಚೂರು, ಇವುಗಳ ಜೊತೆಗೆ ಬೀಡುಕಬ್ಬಿಣದ ಡಿಸ್ಕ್ ಸವೆದು ಬಂದ ಕಬ್ಬಿಣವೂ ಅದರಲ್ಲಿ ಇರುತ್ತದೆ. ಗ್ರೈಂಡರ್ ಹಚ್ಚಿದ ಜಾಗದ ಪಕ್ಕದ ಕಿಟಕಿ ಗಾಜಿಗೆ ಕಿಡಿ ಕಚ್ಚಿಕೊಳ್ಳುವ ಹಾಗೆ ಈ ಬಿಸಿ ಕಣಗಳು ಗಾಲಿಯ ಮೇಲಿನ ಪಾರದರ್ಶಕ ಲ್ಯಾಕರ್‌ಗೆ ಕಚ್ಚಿಕೊಳ್ಳುತ್ತವೆ. ಆಮೇಲೆ ನೀರು ತಾಗಿ ತುಕ್ಕು ಹಿಡಿಯುತ್ತವೆ. ನಿಮ್ಮ ಕಿತ್ತಳೆ ಚುಕ್ಕೆ ಅದೇ. ತುಕ್ಕು ಅಲಾಯ್‌ನದಲ್ಲ, ಅಲಾಯ್ ಅಂದರೆ ಅಲ್ಯೂಮಿನಿಯಮ್ಮಿನ ಮಿಶ್ರಲೋಹ, ಅದಕ್ಕೆ ಕೆಂಪು ತುಕ್ಕು ಬರುವುದೇ ಇಲ್ಲ. ಬೆಳಗಾವಿಯ ಉದ್ಯಮಬಾಗದಂಥ ಕಡೆ, ಫೌಂಡ್ರಿಗಳ ಆಸುಪಾಸಿನಲ್ಲಿ ಕಾರು ನಿಲ್ಲಿಸುವವರಿಗೆ ಇಂಥ ಚುಕ್ಕೆ ಬಾನೆಟ್ಟಿನ ಮೇಲೂ ಕಾಣಿಸಬಹುದು. ಅಲ್ಲಿ ಕಬ್ಬಿಣದ ಕಣ ಗಾಳಿಯಲ್ಲೇ ಬರುತ್ತದೆ.

ತೊಳೆಯುವ ವಿಷಯ ಬಿಟ್ಟು ಒಂದು ಮಾತು. ಎಡ-ಬಲ ಎರಡೂ ಒಂದೇ ಸಮ ಕಪ್ಪಾದರೆ ಚಿಂತೆ ಇಲ್ಲ. ಒಂದು ಗಾಲಿ ಮಾತ್ರ ಇನ್ನೊಂದಕ್ಕಿಂತ ಬಹಳ ಕಪ್ಪಾಗುತ್ತಿದ್ದರೆ, ಅಥವಾ ಓಡಿಸಿದ ಮೇಲೆ ಅದೊಂದೇ ಹೆಚ್ಚು ಬಿಸಿಯಾಗಿದ್ದರೆ, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಸದಾ ಉಜ್ಜುತ್ತಿರಬಹುದು. ಗಾಲಿಯ ಒಳಮೈಯಲ್ಲಿ ಎಣ್ಣೆಯಂಥ ಪಸೆ ಕಂಡರೆ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಇವೆರಡಕ್ಕೂ ಶಾಂಪೂ ಬೇಡ, ಮೆಕ್ಯಾನಿಕ್ ಬೇಕು.

ಈಗ ಆ್ಯಸಿಡ್ಡಿಗೆ ಬರೋಣ. ಅಲ್ಯೂಮಿನಿಯಮ್ಮಿನ ಮೈಮೇಲೆ ಗಾಳಿ ತಾಗಿದೊಡನೆ ತೆಳ್ಳಗಿನ ಆಕ್ಸೈಡ್ ಪದರವೊಂದು ತಾನಾಗಿ ಮೂಡುತ್ತದೆ, ಲೋಹವನ್ನು ಕಾಯುವುದು ಅದೇ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 4ರಿಂದ 8.5ರವರೆಗೆ ಇದ್ದರೆ ಆ ಪದರ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲ ಕರಗಿಸುತ್ತದೆ, ಮೇಲೇರಿದರೆ ಕ್ಷಾರ ಕರಗಿಸುತ್ತದೆ. ಆಮ್ಲ, ಕ್ಷಾರ ಎರಡಕ್ಕೂ ಸೋಲುವ ಲೋಹ ಇದು. ಹಾಗಾಗಿ ವಾಷಿಂಗ್ ಸೆಂಟರಿನ ಆ್ಯಸಿಡ್ ಎಷ್ಟು ತಪ್ಪೋ, ವಾಷಿಂಗ್ ಸೋಡಾ ಸೇರಿದ ಒಗೆಯುವ ಪುಡಿಯೂ ಕ್ಷಾರದ ದಿಕ್ಕಿನಿಂದ ಅಷ್ಟೇ ತಪ್ಪು. ಪುಡಿ ಕಲಸಿದ ನೀರಿನ ಪಿಎಚ್ 10ರ ಆಸುಪಾಸು ಇರುತ್ತದೆ. ಒಂದೆರಡು ಸಲಕ್ಕೆ ಏನೂ ಆದಂತೆ ಕಾಣುವುದಿಲ್ಲ. ವರ್ಷಗಟ್ಟಲೆ ಅದರಲ್ಲೇ ತೊಳೆದ ಗಾಲಿ ಮಂಕಾಗಿ, ಸುಣ್ಣ ಬಳಿದಂಥ ಬಿಳಿಚು ಹಿಡಿಯುತ್ತದೆ.

ಆ್ಯಸಿಡ್ ಹೊಡೆದ ಕೂಡಲೇ ಗಾಲಿ ಫಳಫಳ ಹೊಳೆಯುವುದೂ ಸುಳ್ಳಲ್ಲ, ಹೊಲಸಿನ ಜೊತೆಗೆ ಅದು ಮೇಲ್ಮೈಯನ್ನೂ ಒಂದಿಷ್ಟು ತಿಂದು ಬಂದಿರುತ್ತದೆ. ಲ್ಯಾಕರ್ ಎಲ್ಲೂ ಒಡೆದಿಲ್ಲದಿದ್ದರೆ ತಕ್ಷಣ ಹಾನಿ ಕಡಿಮೆ. ಆದರೆ ನಮ್ಮ ರಸ್ತೆಗಳಲ್ಲಿ ಕಲ್ಲು ಸಿಡಿಯದ ಗಾಲಿ ಎಲ್ಲಿದೆ? ಒಡೆದ ಜಾಗದಿಂದ ಆಮ್ಲ ಒಳಗಿಳಿದರೆ ಲ್ಯಾಕರ್ ಕೆಳಗೇ ಕೊರೆತ ಶುರುವಾಗುತ್ತದೆ. ಗಾಲಿಯ ನಟ್ಟು, ಕ್ಯಾಲಿಪರ್, ಡಿಸ್ಕ್ ಮೇಲೆ ಬಿದ್ದದ್ದು ಬೇರೆ.

ಡಬ್ಬಿಯಲ್ಲಿ ಯಾವ ಆ್ಯಸಿಡ್ ಇದೆ ಅನ್ನುವುದು ಅದನ್ನು ಹೊಡೆಯುವ ಹುಡುಗನಿಗೆ ಬಹಳ ಸಲ ಗೊತ್ತಿರುವುದಿಲ್ಲ. ಕೆಲವದರಲ್ಲಿ ಪಾಯಖಾನೆ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ, ಕೆಲವದರಲ್ಲಿ ಅಮೋನಿಯಂ ಬೈಫ್ಲೋರೈಡ್ ಅಥವಾ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಕೊನೆಯದು ಘೋರ. ತಿಳಿಯಾಗಿ ಕಲಸಿದ್ದು ಚರ್ಮಕ್ಕೆ ತಾಗಿದಾಗ ಉರಿ ಕೂಡಲೇ ಗೊತ್ತಾಗದೆ ಎಷ್ಟೋ ಹೊತ್ತಿನ ಮೇಲೆ ಶುರುವಾಗಬಹುದು, ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳಲು ತೊಡಗಿರುತ್ತದೆ. ಖಂಡೇಪೂಜೆಯ (ಆಯುಧಪೂಜೆಯ) ಹಿಂದಿನ ದಿನ ವಾಷಿಂಗ್ ಸೆಂಟರಿನ ಮುಂದೆ ಸಾಲು ನಿಂತಿರುತ್ತದೆ, ಹತ್ತು ನಿಮಿಷದಲ್ಲಿ ಗಾಡಿ ಬಿಡಬೇಕು, ಹುಡುಗ ಬರಿಗೈಯಲ್ಲೇ ಸ್ಪ್ರೇ ಹಿಡಿದಿರುತ್ತಾನೆ. ನಿಮ್ಮ ಗಾಲಿ ಹಾಳಾಗುವುದಕ್ಕಿಂತ ಅವನ ಕೈ ಹಾಳಾಗುವುದು ದೊಡ್ಡದು. "ಬರೇ ಶಾಂಪೂ ಹಾಕಪ್ಪಾ, ಆ್ಯಸಿಡ್ ಬ್ಯಾಡ" ಎಂದು ಮೊದಲೇ ಹೇಳಿಬಿಡಿ. ಮನೆಯಲ್ಲಿ ಪ್ರಯೋಗಕ್ಕೆ ಇಳಿಯುವವರು ಯಾವ ಆ್ಯಸಿಡ್ಡನ್ನೂ ಬ್ಲೀಚಿನ ಜೊತೆ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಕಿತ್ತಳೆ ಚುಕ್ಕೆಗೆ ಐರನ್ ರಿಮೂವರ್ ಅನ್ನುವ ಸ್ಪ್ರೇ ಸಿಗುತ್ತದೆ. ಅದರ ಮುಖ್ಯ ಸಾಮಗ್ರಿ ಥಯೋಗ್ಲೈಕೊಲೇಟ್, ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡಲು ಬಳಸುವ ರಾಸಾಯನಿಕದ ಜಾತಿಯದೇ. ಕಬ್ಬಿಣ ಸಿಕ್ಕಲ್ಲಿ ಅದು ಪ್ರತಿಕ್ರಿಯಿಸಿ ನೇರಳೆ ಬಣ್ಣಕ್ಕೆ ತಿರುಗಿ ಕೆಳಗೆ ಸುರಿಯುತ್ತದೆ. ಕೊಳೆತ ತತ್ತಿಯಂಥ ವಾಸನೆ ಬರುತ್ತದೆ, ಗಾಬರಿ ಬೇಡ, ಆದರೆ ಕೈಗವಸು ಹಾಕಿಕೊಳ್ಳಿ, ಬಯಲಲ್ಲಿ ಮಾಡಿ. ಮೊದಲು ಶಾಂಪೂವಿನಿಂದ ತೊಳೆದ ಗಾಲಿಯ ಮೇಲೆ ಇದನ್ನು ಹೊಡೆಯಬೇಕು. ಮಣ್ಣಿನ ಮೇಲೆ ಹೊಡೆದರೆ ಕಬ್ಬಿಣದವರೆಗೆ ತಲುಪುವುದೇ ಇಲ್ಲ, ದುಡ್ಡು ಗಟಾರಿಗೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ, ಬಿಟ್ಟು ಚೆನ್ನಾಗಿ ತೊಳೆಯಿರಿ. ಒಣಗಲು ಮಾತ್ರ ಬಿಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಐದು ನಿಮಿಷ ಅನ್ನುವಷ್ಟರಲ್ಲಿ ಆರಿ ಕಲೆಯಾಗಿರುತ್ತದೆ. ಬೆಳಗಿನ ಜಾವ, ನೆರಳಲ್ಲಿ, ಒಂದು ಸಲಕ್ಕೆ ಒಂದೇ ಗಾಲಿ. ನೇರಳೆ ಬಣ್ಣ ಸುರಿಯುವುದು ನೋಡಲು ಚೆಂದ ಎಂದು ವಾರವಾರ ಹೊಡೆಯುವವರಿದ್ದಾರೆ, ಅದು ಬೇಕಿಲ್ಲ. ಮೊದಲ ಸಲಕ್ಕೆ ಹೋಗದ ಹಳೆಯ ಚುಕ್ಕೆಗೆ ಎರಡನೆಯ ಸಲ ಹೊಡೆಯಿರಿ. ಆಮೇಲೂ ಉಳಿದರೆ ಲ್ಯಾಕರ್ ಒಳಗೇ ಕೂತಿದೆ, ಬಿಟ್ಟುಬಿಡಿ.

ಇನ್ನು ಮಣ್ಣು. ಪರದೇಶದ ಸಲಹೆಗಳಲ್ಲಿ ಇದರ ಮಾತು ಕಡಿಮೆ, ನಮ್ಮ ಡೋಣಿ ನದಿ ಸಾಲಿನ ಎರೆಮಣ್ಣನ್ನು ಅವರು ಕಂಡವರಲ್ಲ. ನೀರು ಕುಡಿದು ಉಬ್ಬುವ ಜೇಡಿ ಖನಿಜ ಇದರಲ್ಲಿ ಹೆಚ್ಚು. ಹಸಿಯಿದ್ದಾಗ ಅಂಟಿಕೊಳ್ಳುತ್ತದೆ, ಒಣಗಿದರೆ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದವರಿಗೆ ಇದು ಗೊತ್ತೇ ಇದೆ. ಜಮಖಂಡಿ, ಮುಧೋಳದ ಕಡೆಯವರಿಗೆ ಕಬ್ಬಿನ ಹಂಗಾಮಿನಲ್ಲೂ ಬಿಡುವಿಲ್ಲ, ಟ್ರ್ಯಾಕ್ಟರುಗಳು ಹೊಲದ ರಾಡಿಯನ್ನು ಡಾಂಬರಿನ ಮೇಲೆ ತಂದು ಹಾಕಿರುತ್ತವೆ. ಎಲ್ಲರೂ ತೊಳೆಯುವುದು ಗಾಲಿಯ ಹೊರಮೈ. ಎರೆಮಣ್ಣು ಹೆಪ್ಪುಗಟ್ಟುವುದು ಒಳಬದಿಯಲ್ಲಿ. ಒಂದು ಮಗ್ಗುಲಿಗೆ ಹೆಂಟೆ ಕೂತರೆ ಗಾಲಿಯ ಬ್ಯಾಲೆನ್ಸ್ ತಪ್ಪುತ್ತದೆ, 80ರ ವೇಗ ದಾಟಿದಾಗ ಸ್ಟಿಯರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಓಡುವ ಮೊದಲು ಬಗ್ಗಿ ಒಳಗೆ ನೋಡಿ. ಮಣ್ಣನ್ನು ತೆಗೆಯದೆ ಬ್ಯಾಲೆನ್ಸಿಂಗ್ ಮಾಡಿಸಿದರೆ, ಮುಂದೆ ಆ ಹೆಂಟೆ ಉದುರಿದ ದಿನ ನಡುಕ ಮತ್ತೆ ಬರುತ್ತದೆ.

ಒಣಗಿದ ಎರೆಮಣ್ಣನ್ನು ಕೆರೆಯಬೇಡಿ, ಅದರಲ್ಲಿ ಸಣ್ಣ ಹರಳು ಇರುತ್ತವೆ, ಗೀರು ಬೀಳುತ್ತವೆ. ನೀರು ಹಾಕಿ, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ಮತ್ತೆ ನೀರು ಹಾಕಿ. ಎರಡನೆಯ ನೀರಿಗೆ ತಾನೇ ಜಾರುತ್ತದೆ. ಪ್ರೆಷರ್ ವಾಷರ್ ಇದ್ದರೆ ಈ ಕೆಲಸಕ್ಕೆ ಒಳ್ಳೆಯದು, ಆದರೆ ನಳಿಕೆ ಒಂದು ಅಡಿ ದೂರ ಇರಲಿ. ಟೈರಿನ ಪಕ್ಕದ ಗೋಡೆಗೆ, ಗಾಳಿ ತುಂಬುವ ವಾಲ್ವಿಗೆ, ನಡುವಿನ ಬೇರಿಂಗಿಗೆ ನೇರವಾಗಿ ಹೊಡೆಯಬಾರದು. ಗಾಲಿಯ ಒಳಗೆ ಅಂಟಿಸಿದ ಬೂದು ಬಣ್ಣದ ಸಣ್ಣ ಚೌಕಗಳು ಕಂಡರೆ ಅವು ಬ್ಯಾಲೆನ್ಸಿಂಗ್ ತೂಕಗಳು, ಅಲ್ಲಿ ಕೈ ಹಗುರ ಇರಲಿ. ಪೆಟ್ರೋಲ್ ಹಾಕಿ ಒರೆಸಿದರೆ ಅವುಗಳ ಗೋಂದು ಬಿಡುತ್ತದೆ. ಡಾಂಬರು ಅಂಟಿದ್ದರೆ ಮಾತ್ರ ಅರಿವಿಯ ತುದಿಗೆ ಒಂದಿಷ್ಟು ಚಿಮಣಿ ಎಣ್ಣೆ (ಸೀಮೆಎಣ್ಣೆ) ಅದ್ದಿ ಒರೆಸಿ, ಕೂಡಲೇ ಶಾಂಪೂವಿನಿಂದ ತೊಳೆಯಿರಿ. ಡಿಸ್ಕಿನ ಹತ್ತಿರ ಅದೂ ಬೇಡ.

ಬೆಳಗಾವಿ, ಖಾನಾಪುರದ ಕೆಂಪು ಮಣ್ಣು ತೊಳೆಯಲು ಇದಕ್ಕಿಂತ ಸುಲಭ. ಲೋಕಾಪುರ, ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳ ರಸ್ತೆಯಲ್ಲಿ ಓಡಾಡುವವರು ಮಾತ್ರ ಧೂಳು ಒದ್ದೆಯಾಗುವ ಮೊದಲೇ ತೊಳೆದುಬಿಡುವುದು ಒಳ್ಳೆಯದು, ಹಸಿ ಸಿಮೆಂಟು ತೀಕ್ಷ್ಣ ಕ್ಷಾರ.

ತೊಳೆದ ಮೇಲೆ ಉಳಿಯುವ ಬಿಳಿ ಕಲೆಗೆ ಕಾರಣ ನಮ್ಮ ಬೋರಿನ ನೀರು. ಗಡಸು ನೀರು ಆರಿದಾಗ ಅದರ ಸುಣ್ಣ ಗಾಲಿಯ ಮೇಲೆ ಉಳಿಯುತ್ತದೆ. ವಿಜಯಪುರದ ಊರೊಳಗಿನವರು ಕೃಷ್ಣೆಯ ನಳದ ನೀರು ಬಂದ ದಿನ ಒಂದು ಬಕೀಟು ತೆಗೆದಿಟ್ಟು ಕೊನೆಯ ಸಲಕ್ಕೆ ಅದನ್ನೇ ಹಾಕಬಹುದು. ಅದಿಲ್ಲದಿದ್ದರೆ ಆರುವ ಮೊದಲೇ ಮೈಕ್ರೋಫೈಬರ್ ಅರಿವಿಯಿಂದ ಒರೆಸಿ. ಈಗಾಗಲೇ ಕೂತ ಕಲೆಗೆ ಅಡುಗೆಯ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಅರಿವಿಯಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿದು, ಧಾರಾಳ ನೀರಿನಲ್ಲಿ ತೊಳೆಯಿರಿ. ವಿನೆಗರ್ ಕೂಡ ಆಮ್ಲವೇ, ಹಾಗಾಗಿ ಲ್ಯಾಕರ್ ಗಟ್ಟಿಯಿರುವ ಗಾಲಿಗೆ ಮಾತ್ರ.

ಲ್ಯಾಕರ್ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಗಾಲಿಯ ಒಳಬದಿಯ ಮೂಲೆಯಲ್ಲಿ ಮೆಟಲ್ ಪಾಲಿಶನ್ನು ಬಿಳಿ ಅರಿವಿಯಿಂದ ಸ್ವಲ್ಪ ತಿಕ್ಕಿ. ಮೊದಲೇ ತೊಳೆದ ಜಾಗದಲ್ಲೂ ಅರಿವಿ ಕಪ್ಪಾದರೆ ಅದು ಬರಿಯ ಅಲ್ಯೂಮಿನಿಯಮ್. ಆಗದಿದ್ದರೆ ಲ್ಯಾಕರ್ ಇದೆ. ಕಂಪನಿಯಿಂದ ಬಂದ ಅಲಾಯ್‌ಗಳಿಗೆಲ್ಲ ಬಹುತೇಕ ಲ್ಯಾಕರ್ ಇರುತ್ತದೆ, ಆದ್ದರಿಂದ ಅವಕ್ಕೆ ಮೆಟಲ್ ಪಾಲಿಶ್ ಹಚ್ಚುವುದು ದಂಡ. ಕಪ್ಪು-ಬೆಳ್ಳಿ ಎರಡು ಬಣ್ಣದ ಡೈಮಂಡ್ ಕಟ್ ಗಾಲಿ ನಿಮ್ಮದಾದರೆ ಇನ್ನಷ್ಟು ಜೋಪಾನ. ಬೆಳ್ಳಿಯಂತೆ ಕಾಣುವ ಮುಖವನ್ನು ಯಂತ್ರದಲ್ಲಿ ಕೊರೆದು ಮೇಲೆ ಲ್ಯಾಕರ್ ಮಾತ್ರ ಹಾಕಿರುತ್ತಾರೆ, ಬಣ್ಣ ಇರುವುದಿಲ್ಲ. ಸ್ಟೀಲ್ ಸ್ಕ್ರಬ್ಬರಿನ ಒಂದು ಗೀರು ಸಾಕು, ಅಲ್ಲಿಂದ ನೀರಿಳಿದು ಹುಳ ಹರಿದಂಥ ಬಿಳಿ ಗೆರೆಗಳು ಲ್ಯಾಕರಿನ ಕೆಳಗೆ ಹಬ್ಬುತ್ತವೆ. ಅದನ್ನು ಯಾವ ಬಾಟಲಿಯೂ ತೊಳೆಯಲಾರದು. ಮತ್ತೆ ಲೇತ್ ಹಚ್ಚಿಸಿ ಲ್ಯಾಕರ್ ಹಾಕಿಸಬೇಕು. ಕಬ್ಬಿಣದ ಗಾಲಿಯವರಿಗೆ ಈ ರಗಳೆ ಇಲ್ಲ, ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗೆ ಮಣ್ಣು ತೊಳೆದರೆ ಆಯಿತು.

ವಾರದ ಕೆಲಸ ಹೀಗಿರಲಿ. ಗಾಲಿ ತಣ್ಣಗಾಗಲು ಅರ್ಧ ತಾಸು ಬಿಡಿ. ಕಾಯ್ದ ಡಿಸ್ಕಿನ ಮೇಲೆ ತಣ್ಣೀರು ಸುರಿಯುವುದೂ ಒಳ್ಳೆಯದಲ್ಲ, ಶಾಂಪೂ ಕ್ಷಣದಲ್ಲಿ ಆರಿಯೂ ಹೋಗುತ್ತದೆ. ಕಾರಿನ ಮೈಗಿಂತ ಮೊದಲು ಗಾಲಿ ತೊಳೆಯಿರಿ. ಗಾಲಿಯ ಬಕೀಟು, ಅರಿವಿ ಬೇರೆಯೇ ಇರಲಿ, ಬ್ರೇಕ್ ಪುಡಿ ಬಾಗಿಲಿಗೆ ಹತ್ತಿದರೆ ಬಣ್ಣಕ್ಕೆ ಗೀರು. ಬ್ರಷ್ಷಿಗೆ ಖರ್ಚು ಮಾಡಬೇಕಿಲ್ಲ, ಪೇಂಟಿನ ಅಂಗಡಿಯ ಎರಡು ಇಂಚಿನ ಬ್ರಷ್ ತಂದು ಅದರ ತಗಡಿನ ಪಟ್ಟಿಗೆ ಟೇಪ್ ಸುತ್ತಿದರೆ ನಟ್ಟಿನ ಸಂದಿಗೂ ಹೋಗುತ್ತದೆ. ಶಾಂಪೂ ಕೊಳ್ಳುವಾಗ ಪಿಎಚ್ ನ್ಯೂಟ್ರಲ್ ಎಂದು ಬರೆದದ್ದನ್ನು ಕೊಳ್ಳಿ. ಚೀಟಿ ಇಲ್ಲದ ಲೂಸ್ ಕ್ಯಾನು ಎಷ್ಟೇ ಅಗ್ಗವಾದರೂ ಬೇಡ. ತೊಳೆದು ಒಣಗಿದ ಮೇಲೆ ಕಾರಿನ ವ್ಯಾಕ್ಸನ್ನೇ ಗಾಲಿಯ ಮುಖಕ್ಕೂ ತೆಳ್ಳಗೆ ಹಚ್ಚಿದರೆ ಮುಂದಿನ ವಾರದ ಪುಡಿ ಬೇಗ ಬಿಡುತ್ತದೆ. ನಿಮ್ಮ ಓಡಾಟಕ್ಕೆ ನಾನು ದುಡ್ಡು ಹಾಕುವುದಾದರೆ ಇದಕ್ಕೇ ಹಾಕುತ್ತೇನೆ.

ಟೈರಿನ ಕಂದು ಬಣ್ಣ ಹೊಲಸಲ್ಲ. ಓಝೋನ್ ತಾಗಿ ರಬ್ಬರ್ ಬಿರಿಯದಿರಲೆಂದು ಬೆರೆಸಿದ ರಾಸಾಯನಿಕ ಹೊರಗೆ ಬಂದು ಕಂದಾಗುತ್ತದೆ. ಬ್ರಷ್ಷಿನಿಂದ ತಿಕ್ಕಿ, ಬೇಕಿದ್ದರೆ ನೀರಿನ ಮೂಲದ ಟೈರ್ ಪಾಲಿಶ್ ಹಚ್ಚಿ. ಡೀಸೆಲ್, ಹಳೆಯ ಎಂಜಿನ್ ಆಯಿಲ್ ಹಚ್ಚುವ ರೂಢಿ ಬಿಡಬೇಕು, ಅವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕಾರಿನ ತಳಕ್ಕೆ ಡೀಸೆಲ್ ಸ್ಪ್ರೇ ಮಾಡಿಸುವವರಂತೂ ಡಿಸ್ಕ್, ಪ್ಯಾಡಿಗೆ ಹನಿಯೂ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ತೊಳೆದ ಕೂಡಲೇ ಹೆದ್ದಾರಿಗೆ ಇಳಿಯಬೇಡಿ. ಓಣಿಯಲ್ಲೇ ನಿಧಾನ ಓಡಿಸುತ್ತ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಮಾರನೆಯ ದಿನ ಡಿಸ್ಕಿನ ಮೇಲೆ ತೆಳ್ಳಗೆ ಕೆಂಪು ಕಂಡರೆ ಅದು ಒಂದೆರಡು ಬ್ರೇಕಿಗೆ ಉಜ್ಜಿ ಹೋಗುತ್ತದೆ. ತೊಳೆದು ಹಾಗೆಯೇ ಎರಡು ಮೂರು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ, ಬ್ರೇಕಿನ ಒದ್ದೆ ಲೈನರ್ ಡ್ರಮ್ಮಿಗೆ ಅಂಟಿಕೊಂಡರೆ ಹಿಂದಿನ ಗಾಲಿ ತಿರುಗುವುದೇ ಇಲ್ಲ.