ಹತ್ತೇ ನಿಮಿಷಕ್ಕೆ 87 ಡಿಗ್ರಿ: ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಗುತ್ತದೆಯೇ?

ಪ್ರಶ್ನೆ: ನನ್ನದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ, ಮೂರು ವರ್ಷ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್. ಆಟ ಶುರುವಾದ ಹತ್ತು ನಿಮಿಷಕ್ಕೆ ಜಿಪಿಯು (ಗ್ರಾಫಿಕ್ಸ್ ಚಿಪ್) 87 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಕಾರ್ಡ್ ಸುಟ್ಟುಹೋದೀತೇ? ಕೂಲಿಂಗ್ ಪ್ಯಾಡ್ ಕೊಂಡರೆ ಸಾಕೇ?

ಉತ್ತರ: ಸುಡುವುದಿಲ್ಲ. ‘ಅಲ್ಲೇ ನಿಲ್ಲುತ್ತದೆ’ ಅಂದಿರಲ್ಲ, ಗುಟ್ಟು ಅದರಲ್ಲೇ ಇದೆ. ಎನ್‌ವಿಡಿಯಾದ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳಿಗೆ ಶಾಖದ ಮಿತಿ ಇಟ್ಟಿರುವುದೇ 87ರ ಆಸುಪಾಸಿನಲ್ಲಿ. ಅಲ್ಲಿಗೆ ಮುಟ್ಟಿದ ಕೂಡಲೇ ಚಿಪ್ ತಾನಾಗಿ ವೇಗ ಇಳಿಸಿ ಜೀವ ಉಳಿಸಿಕೊಳ್ಳುತ್ತದೆ.

ಪ್ರೆಶರ್ ಕುಕ್ಕರ್ ನೆನಪಿಸಿಕೊಳ್ಳಿ. ಉರಿ ಎಷ್ಟೇ ಜೋರು ಮಾಡಿದರೂ ಒಳಗಿನ ಒತ್ತಡ ಒಂದು ಹಂತ ದಾಟುವುದಿಲ್ಲ. ಸೀಟಿ ಮಾತ್ರ ಬೇಗಬೇಗ ಬರುತ್ತದೆ. ಇಲ್ಲೂ ಹಾಗೆಯೇ, 87 ಎಂಬ ಅಂಕಿ ನೋಡುತ್ತ ಕೂತರೆ ಏನೂ ತಿಳಿಯದು, ಸೀಟಿ ಎಣಿಸಬೇಕು. ಎಚ್‌ಡಬ್ಲ್ಯೂಇನ್‌ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅರ್ಧ ಗಂಟೆ ಆಡಿ, ಚಿಪ್ಪಿನ ವೇಗ ಎಷ್ಟು ಮೆಗಾಹರ್ಟ್ಸ್ ಎಂದು ಗಮನಿಸಿ. ಶುರುವಿನಲ್ಲಿ 1700 ಇದ್ದದ್ದು ಕೊನೆಗೆ 1650 ಆಗಿದ್ದರೆ ಕಿಟಕಿ ತೆರೆದಿಟ್ಟು ಆಟ ಮುಂದುವರಿಸಿ. 1200ಕ್ಕೆ ಜಾರಿದ್ದರೆ ಮಾತ್ರ ಮುಂದಿನದು ನಿಮಗೆ.

ಅದೇ ತಂತ್ರಾಂಶದಲ್ಲಿ ‘ಹಾಟ್‌ಸ್ಪಾಟ್’ ಎಂಬ ಇನ್ನೊಂದು ಸಾಲಿದೆ, ಚಿಪ್ಪಿನ ಅತಿ ಬಿಸಿ ಮೂಲೆಯ ಅಂಕಿ. ಮಾಮೂಲಿ ಅಂಕಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ ಸರಿ. ಮೂವತ್ತರಷ್ಟು ಅಂತರವಿದ್ದರೆ ಚಿಪ್ಪಿಗೂ ಅದರ ಶಾಖ ಹೀರುವ ಮೇಲಿನ ತಾಮ್ರಕ್ಕೂ ಸಂಪರ್ಕ ಸರಿಯಿಲ್ಲ ಎಂದು ಅನುಮಾನಿಸಬಹುದು. ಶಾಖ ದಾಟಿಸಲು ಇವೆರಡರ ನಡುವೆ ಹಚ್ಚಿರುವ ಪೇಸ್ಟ್ ಒಣಗಿರಬಹುದು ಅಥವಾ ಜರುಗಿರಬಹುದು.

ಎಲ್ಲರೂ ಮೊದಲು ಕೇಳುವುದು ಶಾಖ ಹೊರಹಾಕುವುದು ಹೇಗೆ ಎಂದು. ನಾನು ಮೊದಲು ಶಾಖ ಹುಟ್ಟುವುದನ್ನೇ ಕಡಿಮೆ ಮಾಡಿ ಅನ್ನುತ್ತೇನೆ, ಅದಕ್ಕೆ ಕಾಸು ಬೇಕಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಮ್ಯಾಕ್ಸ್ ಫ್ರೇಮ್ ರೇಟ್’ ಅಂತಿದೆ. ಕಥೆ ಹೇಳುವ ಆಟಕ್ಕೆ ಸೆಕೆಂಡಿಗೆ 60 ಚೌಕಟ್ಟು ಧಾರಾಳ; 110 ಎಳೆಯುತ್ತಿದ್ದ ಚಿಪ್ಪಿಗೆ 60 ಎಂದರೆ ಅರ್ಧ ಕೆಲಸ. ಗುಂಡು ಹಾರಿಸುವ ಸ್ಪರ್ಧೆಯ ಆಟದವರು ಇದನ್ನು ಒಪ್ಪುವುದಿಲ್ಲ, ಗೊತ್ತು.

ಅವರಿಗೆ ಅಂಡರ್‌ವೋಲ್ಟ್ ಇದೆ, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು. ಚಿಪ್ಪಿನ ಶಾಖ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ಅನುಗುಣವಾಗಿ ಏರುತ್ತದೆ. 900 ಮಿಲಿವೋಲ್ಟ್‌ನಲ್ಲಿ ಓಡುವುದನ್ನು ಅದೇ ವೇಗದಲ್ಲಿ 800ಕ್ಕೆ ಒಗ್ಗಿಸಿದರೆ ಶಾಖದಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಮಾಯ. ಕಂಪನಿಗಳು ಎಲ್ಲ ಚಿಪ್ಪಿಗೂ ಒಂದೇ ಅಳತೆಯ ಅಂಗಿ ಹೊಲಿಯುವುದರಿಂದ ವೋಲ್ಟೇಜ್ ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ನಾವು ಅದನ್ನು ಬಿಗಿ ಮಾಡುವುದು ಅಷ್ಟೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂದು ತೋರಿಸುವ ಒಂದು ಏರುಗೆರೆ ಕಾಣುತ್ತದೆ. 800ರ ಚುಕ್ಕಿಯನ್ನು 1700ಕ್ಕೆ ಎತ್ತಿ, ಅದರ ಬಲಕ್ಕಿರುವುದನ್ನೆಲ್ಲ ಅದೇ ಮಟ್ಟಕ್ಕೆ ಚಪ್ಪಟೆ ಮಾಡಿ. ಆಟ ನಿಂತುಹೋದರೆ ಹೆದರಬೇಡಿ, 15 ಮೆಗಾಹರ್ಟ್ಸ್ ಇಳಿಸಿ ಮತ್ತೆ ನೋಡಿ.

ಇನ್ನು ಹವೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ, ಫ್ಯಾನ್ ವೇಗ ಅಷ್ಟೇ ಇದ್ದಲ್ಲಿ, ಚಿಪ್ಪೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಮಡಿಕೇರಿಯಲ್ಲಿ 75 ತೋರಿಸುವ ಲ್ಯಾಪ್‌ಟಾಪ್ ಮೇ ತಿಂಗಳ ರಾಯಚೂರಿನಲ್ಲಿ ಮಿತಿ ಮುಟ್ಟಿದರೆ ಯಂತ್ರವನ್ನು ಬೈದು ಫಲವಿಲ್ಲ. ಇಷ್ಟಾಗಿಯೂ ಅದನ್ನು ಗಾದಿಯ ಮೇಲಿಟ್ಟು ಆಡುವವರಿದ್ದಾರೆ! ಗಾಳಿ ಎಳೆಯುವ ಬಾಯಿ ಇರುವುದು ಅಡಿಯಲ್ಲಿ. ಹಿಂಭಾಗದ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಎತ್ತಿಡಿ. ಕೂಲಿಂಗ್ ಪ್ಯಾಡಿನ ಅರ್ಧ ಲಾಭ ಈ ಎತ್ತುವುದರಿಂದಲೇ. ಅಗ್ಗದ ಪ್ಯಾಡಿನ ಫ್ಯಾನ್‌ಗಳು ಹೆಚ್ಚಾಗಿ ಬಣ್ಣದ ದೀಪ ತೋರಿಸಲಿಕ್ಕಿವೆ.

ಮೂರು ವರ್ಷ ಒಮ್ಮೆಯೂ ಬಿಚ್ಚಿಲ್ಲವಾದರೆ ಧೂಳೇ ಮುಖ್ಯ ಆರೋಪಿ. ಫ್ಯಾನಿಗೂ ತಾಮ್ರದ ತೆಳು ರೆಕ್ಕೆಗಳಿಗೂ ನಡುವೆ ಅದು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಆ ಕಂಬಳಿ ವಾಪಸ್ ಫ್ಯಾನಿಗೇ ಬೀಳುತ್ತದೆ. ಅಡಿ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಿತ್ತು, ಫ್ಯಾನಿನ ಎಲೆಗಳು ತಿರುಗದಂತೆ ಬೆರಳಲ್ಲಿ ಹಿಡಿದು ಊದಿ. ಗಾಳಿಯ ರಭಸಕ್ಕೆ ಫ್ಯಾನ್ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

ಪೇಸ್ಟ್ ಬದಲಿಸುವುದು ಕೊನೆಯ ಮೆಟ್ಟಿಲು. ನಾನೊಮ್ಮೆ ರಿಪೇರಿ ಅಂಗಡಿಗೆ ಕೊಟ್ಟು ಕೆಟ್ಟೆ. ಮೆಮೊರಿ ಚಿಪ್‌ಗಳ ಮೇಲಿನ, ಶಾಖ ದಾಟಿಸುವ ಮೆತ್ತನೆಯ ಪ್ಯಾಡ್ ತುಸು ದಪ್ಪನೆಯದು ಅಂಟಿಸಿದ್ದರು. ಮೇಲಿನ ತಾಮ್ರ ಅದರ ಮೇಲೆ ಕೂತು ಮುಖ್ಯ ಚಿಪ್ಪಿಗೆ ತಾಕಲೇ ಇಲ್ಲ, ಹೋದದ್ದಕ್ಕಿಂತ ಬಿಸಿಯಾಗಿ ಮನೆಗೆ ಬಂತು. ಹಳೆಯ ಪ್ಯಾಡ್ ಚೆನ್ನಾಗಿದ್ದರೆ ಮುಟ್ಟಬೇಡಿ ಎಂದು ಮೊದಲೇ ಹೇಳಿ. ತೆಳುವಾದ ಪೇಸ್ಟ್ ಬಿಸಿ ತಣಿವಿನ ಆಟದಲ್ಲಿ ಅಂಚಿಗೆ ಜರುಗಿಬಿಡುತ್ತದೆ, ಆದ್ದರಿಂದ ಬಿಸಿಗೆ ಮೆದುವಾಗುವ ಹನಿವೆಲ್‌ನ ಪಿಟಿಎಂ 7950 ಹಾಳೆ ಸಿಕ್ಕರೆ ನನ್ನ ಓಟು ಅದಕ್ಕೆ. ಕೆಲವು ಮಾಡೆಲ್‌ಗಳಲ್ಲಿ ಪೇಸ್ಟಿನ ಬದಲು ದ್ರವ ಲೋಹ ಇರುತ್ತದೆ. ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಜಾರಿದರೆ ಮದರ್‌ಬೋರ್ಡ್ ಹೋಯಿತು. ಅಂಥದ್ದನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಮುಚ್ಚಳ ತೆಗೆದಾಗ ಬ್ಯಾಟರಿ ದಿಂಬಿನಂತೆ ಉಬ್ಬಿರುವುದು ಕಂಡರೆ, ಅಥವಾ ಬಿಚ್ಚುವ ಮೊದಲೇ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮೇಲೆ ಹೇಳಿದ್ದೆಲ್ಲ ಬದಿಗಿಡಿ. ಚಾರ್ಜರ್ ಕಿತ್ತು, ಬ್ಯಾಟರಿಯನ್ನು ಒತ್ತದೆ ಚುಚ್ಚದೆ ಲ್ಯಾಪ್‌ಟಾಪನ್ನು ನೇರವಾಗಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.